ತಣ್ಣನೆಯ ಕೋಳಿ ನೂಡಲ್ಸ್ ಸಲಾಡ್: ನೀರಿಳಿಸಿದಷ್ಟೂ ರುಚಿ

ಕೋಸಂಬರಿಗೆ ಮೊದಲೇ ಉಪ್ಪು ಹಾಕಿಟ್ಟರೆ ಸೌತೆಕಾಯಿ ನೀರು ಬಿಟ್ಟುಕೊಳ್ಳುತ್ತದೆ, ಬಡಿಸುವ ಹೊತ್ತಿಗೆ ಪಾತ್ರೆಯ ತಳದಲ್ಲೆಲ್ಲ ನೀರು. ತಣ್ಣನೆಯ ನೂಡಲ್ಸ್ ಸಲಾಡ್ ಕೆಡುವುದೂ ಹೆಚ್ಚಾಗಿ ಇದೇ ಕಾರಣಕ್ಕೆ. ತರಕಾರಿಯ ನೀರು, ನೂಡಲ್ಸ್‌ಗೆ ಅಂಟಿದ ನೀರು, ಕೋಳಿಯ ನೀರು ಎಲ್ಲ ಸೇರಿ ಸಾಸ್ ಸಪ್ಪೆಯಾಗುತ್ತದೆ. ಕೆಳಗಿನ ಅಳತೆ ಮೂರು ಜನಕ್ಕೆ.

ಮೊದಲು ಕೋಳಿ. ಬೋನ್‌ಲೆಸ್ ಬ್ರೆಸ್ಟ್ 350 ಗ್ರಾಂ ಸಾಕು. ತುಂಡು ಒಂದು ಇಂಚಿಗಿಂತ ದಪ್ಪವಿದ್ದರೆ ಅಡ್ಡಕ್ಕೆ ಸೀಳಿ ಎರಡು ಮಾಡಿ. ಮುಳುಗುವಷ್ಟು ತಣ್ಣೀರು, ಒಂದು ಟೀ ಚಮಚ ಉಪ್ಪು, ಜಜ್ಜಿದ ಶುಂಠಿ ಹಾಕಿ ಮಧ್ಯಮ ಉರಿಯಲ್ಲಿಡಿ. ಸಣ್ಣ ಗುಳ್ಳೆ ಏಳತೊಡಗಿದಾಗ ಉರಿ ಪೂರ್ತಿ ತಗ್ಗಿಸಿ 8 ನಿಮಿಷ ಬೇಯಿಸಿ, ಒಲೆ ಆರಿಸಿ, ಮುಚ್ಚಳ ಮುಚ್ಚಿ 15 ನಿಮಿಷ ಬಿಡಿ. ಥರ್ಮಾಮೀಟರ್ ಇದ್ದರೆ ದಪ್ಪ ಭಾಗದ ಒಳಗೆ 74 ಡಿಗ್ರಿ ಸೆಲ್ಸಿಯಸ್ ಬರಬೇಕು. ಬಾರದಿದ್ದರೆ ಮತ್ತೆ ಸಣ್ಣ ಉರಿ. ಕುಕ್ಕರ್ ಖಂಡಿತ ಬೇಡ, ಎರಡು ವಿಷಲ್‌ಗೇ ಬ್ರೆಸ್ಟ್ ತೆಂಗಿನ ನಾರಿನಂತಾಗುತ್ತದೆ. ಆರಿದ ಮೇಲೆ ಚಾಕು ಬಿಟ್ಟು ಬೆರಳಲ್ಲೇ ಎಳೆಎಳೆಯಾಗಿ ಬಿಡಿಸಿ. ಒರಟು ಅಂಚಿಗೆ ಸಾಸ್ ಹಿಡಿಯುತ್ತದೆ, ಚಾಕುವಿನ ನುಣುಪಾದ ತುಂಡಿನಿಂದ ಜಾರಿಬಿಡುತ್ತದೆ. ಬೆಂದ ನೀರು ಚೆಲ್ಲಬೇಡಿ.

200 ಗ್ರಾಂ ಹಕ್ಕಾ ನೂಡಲ್ಸ್‌ಗೆ 2 ಲೀಟರ್ ಕುದಿಯುವ ನೀರು. ಫ್ರೈ ಮಾಡುವವರು ಮುಕ್ಕಾಲು ಬೇಯಿಸಿ ಬಸಿಯುತ್ತಾರೆ, ಇಲ್ಲಿ ಪೂರ್ತಿ ಬೇಯಬೇಕು. ತಣ್ಣಗಾದಂತೆ ಪಿಷ್ಟ ಬಿಗಿಯಾಗುವುದರಿಂದ ಅರೆಬೆಂದ ಎಳೆ ರಬ್ಬರಿನಂತಾಗುತ್ತದೆ. ಒಂದು ಎಳೆ ಮುರಿದು ನೋಡಿ, ನಡುವೆ ಬಿಳಿ ಚುಕ್ಕೆ ಕಾಣಬಾರದು. ಚೀನಾದ ಸಿಚುವಾನ್‌ನಲ್ಲಿ ಇಂಥ ನೂಡಲ್ಸನ್ನು ತೊಳೆಯದೆ ಎಣ್ಣೆ ಸವರಿ, ಗಾಳಿ ಹಾಕಿ ಆರಿಸುವುದು ರೂಢಿ. ಜಪಾನಿನಲ್ಲಿ ಐಸ್ ನೀರಲ್ಲಿ ತೊಳೆಯುತ್ತಾರೆ. ಇಲ್ಲಿನ ಒಣ ಹಕ್ಕಾಗೆ ತೊಳೆಯುವುದೇ ಒಳ್ಳೆಯದು, ಇಲ್ಲದಿದ್ದರೆ ಮುದ್ದೆಗಟ್ಟುತ್ತದೆ. ಆದರೆ ಏಪ್ರಿಲ್ ಮಧ್ಯಾಹ್ನ ಬೆಂಗಳೂರಿನ ಮನೆಗಳ ಓವರ್‌ಹೆಡ್ ಟ್ಯಾಂಕಿನಿಂದ ಬರುವುದು ಬಿಸಿನೀರೇ! ಫಿಲ್ಟರ್ ನೀರಿಗೆ ಐಸ್ ಹಾಕಿಟ್ಟುಕೊಳ್ಳಿ. ಮತ್ತೆ ಬಿಸಿ ಮಾಡದೆ ತಿನ್ನುವ ಪದಾರ್ಥ, ಬೋರ್‌ವೆಲ್ ನೀರು ತಾಗಿಸಬೇಡಿ. ಜರಡಿಯಲ್ಲಿ 10 ನಿಮಿಷ ಬಸಿದು, ಒಂದು ಟೀ ಚಮಚ ಎಣ್ಣೆ ಸವರಿ.

ಸಾಸಿನ ಜೀವ ಕಡಲೆಕಾಯಿ. ಕಾಲು ಕಪ್ ಬೀಜ ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ತೆಗೆದು, ನೀರು ಹಾಕದೆ ಎಣ್ಣೆ ಬಿಡುವವರೆಗೆ ಅರೆಯಿರಿ. ಅದಕ್ಕೆ ಕೋಳಿ ಬೆಂದ ನೀರನ್ನು ಚಮಚ ಚಮಚವಾಗಿ ಬೆರೆಸಿ. ಮೊದಲ ಚಮಚಕ್ಕೆ ಪೇಸ್ಟ್ ಇನ್ನೂ ಗಟ್ಟಿಯಾಗಿ, ಗಂಟುಗಂಟಾಗಿ ಒಡೆದಂತೆ ಕಾಣುತ್ತದೆ. ಗಾಬರಿಯಾಗಿ ಎಸೆಯಬೇಡಿ. ಎರಡು ಮೂರನೆಯ ಚಮಚಕ್ಕೆ ಸಡಿಲವಾಗಿ, ನುಣ್ಣಗೆ ಹೊಳೆಯತೊಡಗುತ್ತದೆ. ಆಮೇಲೆ 3 ದೊಡ್ಡ ಚಮಚ ಲೈಟ್ ಸೋಯಾ ಸಾಸ್, ಒಂದೂವರೆ ದೊಡ್ಡ ಚಮಚ ನಿಂಬೆರಸ ಅಥವಾ ರೈಸ್ ವಿನೆಗರ್, 2 ಟೀ ಚಮಚ ಬೆಲ್ಲದ ಪುಡಿ, ಎರಡು ಎಸಳು ತುರಿದ ಬೆಳ್ಳುಳ್ಳಿ, ರುಚಿಗೆ ಚಿಲ್ಲಿ ಆಯಿಲ್, ಘಮಕ್ಕೆ ಹುರಿದ ಎಳ್ಳಿನ ಎಣ್ಣೆ. ಗಾಣದ ಎಳ್ಳೆಣ್ಣೆ ಹುರಿಯದ ಎಳ್ಳಿನದು, ಚೈನೀಸ್ ಅಡುಗೆಯ ಘಮ ಅದರಲ್ಲಿ ಬರುವುದಿಲ್ಲ. ಹುರಿದ ಎಳ್ಳಿನ ಎಣ್ಣೆ ಸಿಗದಿದ್ದರೆ ಒಂದು ದೊಡ್ಡ ಚಮಚ ಬಿಳಿ ಎಳ್ಳು ಕೆಂಪಗೆ ಹುರಿದು, ಕುಟ್ಟಿ, ಒಂದು ಚಮಚ ಎಳ್ಳೆಣ್ಣೆಯಲ್ಲಿ ಕಲಸಿ ಹಾಕಿ. ಸಾಸ್ ನೆಕ್ಕಿ ನೋಡಿದಾಗ ಉಪ್ಪು, ಹುಳಿ ಸ್ವಲ್ಪ ಮುಂದಿರಬೇಕು, ತಣ್ಣಗಿದ್ದಾಗ ನಾಲಿಗೆಗೆ ರುಚಿ ಮಂದ.

ಒಂದು ಸೌತೆಕಾಯಿ ಕಡ್ಡಿಕಡ್ಡಿಯಾಗಿ ಹೆಚ್ಚಿ, ಅರ್ಧ ಟೀ ಚಮಚ ಉಪ್ಪು ಹಾಕಿ 15 ನಿಮಿಷ ಬಿಟ್ಟು ಹಿಂಡಿ. ಕ್ಯಾರೆಟ್, ಎಲೆಕೋಸು, ಕೊತ್ತಂಬರಿ ಹಸಿಯಾಗೇ ಇರಲಿ.

ತಿನ್ನುವ ಹೊತ್ತಿಗೇ ಕಲಸಿ, ಅದೂ ಮುಕ್ಕಾಲು ಪಾಲು ಸಾಸ್‌ನಲ್ಲಿ. ಹತ್ತು ನಿಮಿಷದಲ್ಲಿ ನೂಡಲ್ಸ್ ಹೀರಿಕೊಂಡು ಒಣಗಿದರೆ ಉಳಿದದ್ದು ಆಗ ಬೇಕಾಗುತ್ತದೆ. ಆಫೀಸಿಗೆ ಒಯ್ಯುವುದಾದರೆ ಸಾಸಿಗೆ ಬೇರೆ ಡಬ್ಬಿ, ಕೋಳಿ ಇರುವ ಡಬ್ಬಿ ನೇರ ಫ್ರಿಜ್‌ಗೆ. ಹೊರಗೆ ಎರಡು ಗಂಟೆ ಮೀರಬಾರದು, ಬಿರುಬೇಸಿಗೆಯಲ್ಲಿ ಒಂದೇ ಗಂಟೆ.