ಐದನೇ ವಿಳಾಸ

"ಬಾಗಿಲು ತೆಗೆದೈತೆ ಅಂತೀಯ, ಒಳಕ್ಕೆ ಹೋಗ್ಲಿಲ್ಲ ಅಂತೀಯ. ಇದಕ್ಕೆ ದುಡ್ಡು ಬೇರೆ ಕೊಡ್ಬೇಕಾ?"

ಮಂಗಳವಾರ ಮಾಲೂರಿನ ಕಾರ್ಖಾನೆಯೊಂದರ ಯಜಮಾನರು ಕೇಳಿದ ಮಾತಿದು. ವಾಹನದ ಬಿಡಿಭಾಗ ಮಾಡುತ್ತಾರೆ. ಮಾಲು ಕೊಳ್ಳುವ ದೊಡ್ಡ ಕಂಪನಿ ಸೆಕ್ಯುರಿಟಿ ಟೆಸ್ಟ್ ರಿಪೋರ್ಟ್ ಕೇಳಿತಂತೆ, ಅದಕ್ಕೇ ನನ್ನನ್ನು ಕರೆದರು. ಒಪ್ಪಿಗೆ ಪಡೆದು, ಕಂಪನಿಗಳ ಕಂಪ್ಯೂಟರಿಗೆ ಹೊರಗಿನಿಂದ ನುಗ್ಗಲು ಆಗುತ್ತಾ ಅಂತ ನೋಡುವುದೇ ನನ್ನ ಕೆಲಸ. ಇಲ್ಲದಿದ್ದರೆ ಕರೆಯುವ ಆಸಾಮಿಯಲ್ಲ.

ಅವರು ಸಹಿ ಹಾಕಿದ ಒಪ್ಪಿಗೆ ಪತ್ರದಲ್ಲಿ ನಾಲ್ಕು ಐಪಿ ವಿಳಾಸಗಳಿದ್ದವು, ಇಂಟರ್ನೆಟ್ಟಿನ ಮನೆ ನಂಬರ್ ಇದ್ದ ಹಾಗೆ. ರಾತ್ರಿ 10ರಿಂದ ಬೆಳಗ್ಗೆ 5ರ ತನಕ ಮಾತ್ರ, ಸರ್ವರ್ ಮಲಗಿಸುವಂಥದ್ದೇನೂ ಮಾಡಬಾರದು. ಒಂದೊಂದು ವಿಳಾಸಕ್ಕೂ 65,535 ಟಿಸಿಪಿ ಪೋರ್ಟ್, ಅಂದರೆ ಸಂಪರ್ಕದ ಬಾಗಿಲು. ಎಲ್ಲವನ್ನೂ ತಟ್ಟಿ ನೋಡಿದೆ. ಹೊರಗಿನವರನ್ನು ತಡೆಯುವ ಫೈರ್‌ವಾಲ್ ಗಟ್ಟಿಯಾಗಿತ್ತು.

ಐದನೇ ವಿಳಾಸ ಸಿಕ್ಕಿದ್ದು, ಯಾವ ಹೆಸರಿಗೆ ಯಾವ ಐಪಿ ವಿಳಾಸ ಅಂತ ಹೇಳುವ ಡಿಎನ್‌ಎಸ್‌ನಲ್ಲಿ. ಕಂಪನಿಯ ಹೆಸರಿಗೆ 'ಅಕೌಂಟ್ಸ್' ಅಂತ ಸೇರಿಸಿ ಯಾರೋ ಇಟ್ಟಿದ್ದರು. ಇಂಟರ್ನೆಟ್ಟಿಗೆ ತೆರೆದುಕೊಂಡ ಯಂತ್ರಗಳನ್ನು ಪಟ್ಟಿ ಮಾಡುವ ಶೋಡಾನ್‌ನಲ್ಲಿ ಹುಡುಕಿದರೆ, ಅದರ 3389 ಪೋರ್ಟ್ ತೆರೆದಿದೆ ಅಂತ ಮೊದಲೇ ದಾಖಲಾಗಿತ್ತು. ವಿಂಡೋಸ್ ಕಂಪ್ಯೂಟರನ್ನು ದೂರದಿಂದ ಬಳಸುವ ರಿಮೋಟ್ ಡೆಸ್ಕ್‌ಟಾಪ್ ಪೋರ್ಟ್ ಅದು. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್ ಕಳ್ಳರಿಗೆ ಬಲು ಇಷ್ಟ. ಸುಳ್ಳು ಯಾಕೆ, ನನ್ನ ಕೈಯೂ ತುರಿಸಿತು. ಆದರೆ ಅದು ಪತ್ರದಲ್ಲಿ ಇಲ್ಲ. ಬೇರೆ ಯಾರದ್ದೋ ಆಗಿದ್ದರೆ? 2000ದ ಐಟಿ ಕಾಯ್ದೆಯ 43ನೇ ಸೆಕ್ಷನ್‌ಗೆ ನನ್ನ ಒಳ್ಳೆ ಮನಸ್ಸು ಬೇಕಿಲ್ಲ, ಒಪ್ಪಿಗೆ ಇತ್ತಾ ಇಲ್ವಾ ಅನ್ನುವುದಷ್ಟೇ ಬೇಕು. ಅಲ್ಲಿಗೇ ನಿಲ್ಲಿಸಿ ಆಗಲೇ ಫೋನ್ ಮಾಡಿದೆ. "ಬೆಳಗ್ಗೆ ಬಾರಪ್ಪ" ಅಂದರು.

ಬೆಳಗ್ಗೆ ಗುಟ್ಟು ರಟ್ಟಾಯಿತು. 2020ರ ಲಾಕ್‌ಡೌನ್‌ನಲ್ಲಿ ಯಜಮಾನರಿಗೆ ದಿನಾ ಲೆಕ್ಕ ಬೇಕಿತ್ತು. ಅಕೌಂಟೆಂಟ್ ಬೇರೊಂದು ಬ್ರಾಡ್‌ಬ್ಯಾಂಡ್ ಹಾಕಿಸಿ, ಮನೆಯಿಂದಲೇ ಟ್ಯಾಲಿ ಲೆಕ್ಕ ನೋಡಲು ದಾರಿ ಮಾಡಿಕೊಂಡಿದ್ದರು. ಆ ಬ್ರಾಡ್‌ಬ್ಯಾಂಡಿನದ್ದೇ ಈ ಐದನೇ ವಿಳಾಸ. ಅದರ ಬಿಲ್ಲಿಗೆ ಇವತ್ತಿಗೂ ತಿಂಗಳು ತಿಂಗಳು ಸಹಿ ಹಾಕುವವರು ಈ ಯಜಮಾನರೇ! ತಮ್ಮದೆಷ್ಟು ವಿಳಾಸ ಅಂತ ಅವರಿಗೇ ಗೊತ್ತಿಲ್ಲ. ಆದರೂ ಬೈಸಿಕೊಂಡವರು ಅಕೌಂಟೆಂಟ್, ಅದೂ ನನ್ನೆದುರಿಗೆ. ನನಗೆ ಅದು ಸರಿ ಕಾಣಲಿಲ್ಲ.

ಬಂಗಾರಪೇಟೆ ಕಡೆಯ ರೈಲಿನಲ್ಲೂ ಅದೇ ಮಾತು ತಲೆಯಲ್ಲಿ. ಒಳಕ್ಕೆ ಹೋಗ್ಲಿಲ್ಲ ಅಂತೀಯ. ನುಗ್ಗಿ ನಾಲ್ಕು ಫೈಲ್ ತೋರಿಸಿದ್ದರೆ ಕಾಫಿ ತರಿಸುತ್ತಿದ್ದರೋ ಏನೋ. ಈ ಕೆಲಸದಲ್ಲಿ ಮುರಿದವನ ಬಗ್ಗೆ ಕತೆ ಹೇಳುತ್ತಾರೆ, ನಿಂತವನ ಬಗ್ಗೆ ಯಾರು ಹೇಳುತ್ತಾರೆ? ಯಜಮಾನರಾದರೂ ಅಷ್ಟೇ, ನೆಂಟರ ಮನೆ ಬಾಗಿಲು ತೆರೆದಿದ್ದರೆ ಹೊರಗೆ ನಿಂತು "ಯಾರಿದ್ದೀರಾ?" ಅಂತ ಕೂಗುವವರೇ ಅಲ್ವಾ?

ದುಡ್ಡು ಇನ್ನೂ ಬಂದಿಲ್ಲ, ಅದಿರಲಿ. ಹೇಳಲು ಮರೆತೆ. ಗೇಟಿನ ತನಕ ಅಕೌಂಟೆಂಟ್ ಹಿಂದೆಯೇ ಬಂದಿದ್ದರು.

"ಸಾರ್, ಆ ಪೋರ್ಟ್ ಮುಚ್ಚಿಸಿದ್ರಿ. ಜಿಎಸ್‌ಟಿ ಹತ್ರ ಬಂತು, ಇನ್ಮೇಲೆ ಮನೆಯಿಂದ ಟ್ಯಾಲಿ ಹೇಗೆ ನೋಡ್ಲಿ?"

"ವಿಪಿಎನ್ ಅಂತ ಭದ್ರವಾದ ದಾರಿ ಇದೆ, ಅದನ್ನ ಹಾಕಿಸಬೇಕು, ಯಜಮಾನರನ್ನ ಕೇಳಿ" ಅಂದೆ.

ಅವರು ಒಮ್ಮೆ ಆಫೀಸಿನ ಕಡೆ ತಿರುಗಿ ನೋಡಿದರು. "ರಿಪೋರ್ಟಲ್ಲಿ ನೀವೇ ಬರೆದುಬಿಡಿ ಸಾರ್."