ಕಂಪೈಲರ್ ಎಷ್ಟು ಗದರಬೇಕು?

ಘೋಷಣೆಯೇ ಇಲ್ಲದ (ಏನು ತೆಗೆದುಕೊಂಡು ಏನು ಕೊಡುತ್ತದೆ ಎಂದು ಮೊದಲೇ ತಿಳಿಸದ) ಫಂಕ್ಷನ್ ಕರೆದರೆ, ಕೋಡ್ ಅನ್ನು ಯಂತ್ರಕ್ಕೆ ಅರ್ಥವಾಗುವಂತೆ ಬದಲಿಸುವ ಸಿ ಭಾಷೆಯ ಕಂಪೈಲರ್ ಏನು ಮಾಡಬೇಕು? 1989ರ ಸ್ಟ್ಯಾಂಡರ್ಡ್ ಪ್ರಕಾರ, ‘ಇದು ಇಂಟ್ (ಪೂರ್ಣಾಂಕ) ವಾಪಸ್ ಕೊಡುತ್ತದೆ’ ಎಂದುಕೊಂಡು ಮುಂದೆ ಹೋಗಬೇಕು. 1999ರ ಸ್ಟ್ಯಾಂಡರ್ಡ್ ಈ ಸಲಿಗೆಯನ್ನು ಕಿತ್ತುಹಾಕಿತು. ಆದರೂ ಹೆಚ್ಚು ಬಳಕೆಯಲ್ಲಿರುವ ಎರಡು ಕಂಪೈಲರ್‌ಗಳಲ್ಲಿ ಕ್ಲ್ಯಾಂಗ್ ಇದನ್ನು ಎರರ್ (ಬಿಲ್ಡ್ ನಿಲ್ಲಿಸುವ ತಪ್ಪು) ಮಾಡಿದ್ದು 2023ರ 16ನೇ ಆವೃತ್ತಿಯಲ್ಲಿ, ಜಿಸಿಸಿ 2024ರ 14ನೇ ಆವೃತ್ತಿಯಲ್ಲಿ. ನಡುವಿನ ಇಪ್ಪತ್ತು ಚಿಲ್ಲರೆ ವರ್ಷ ಅದು ಬರೀ ವಾರ್ನಿಂಗ್ ಆಗಿತ್ತು. ಬಿಲ್ಡ್ ಲಾಗ್‌ನಲ್ಲಿ ಹರಿದುಹೋಗುವ ವಾರ್ನಿಂಗ್ ಅನ್ನು ಯಾರೂ ಓದುವುದಿಲ್ಲ.

ಇದರಿಂದ ಏನಾಗುತ್ತದೆ ಎಂಬುದಕ್ಕೆ ಸ್ಟ್ರಿಂಗ್‌ನ ನಕಲು ಮಾಡಿಕೊಡುವ ಸ್ಟ್ರ್‌ಡಪ್ ಒಳ್ಳೆಯ ಉದಾಹರಣೆ. ಈ ಫಂಕ್ಷನ್ ಪೋಸಿಕ್ಸ್‌ನದು (ಯುನಿಕ್ಸ್ ಥರದ ವ್ಯವಸ್ಥೆಗಳ ಸ್ಟ್ಯಾಂಡರ್ಡ್). ಸಿ ಸ್ಟ್ಯಾಂಡರ್ಡ್‌ಗೆ ಸೇರಿದ್ದು ಸಿ23ರಲ್ಲಿ. ‘ಕಟ್ಟುನಿಟ್ಟಾಗಿರೋಣ’ ಎಂದು ಯಾರೋ ಮೇಕ್‌ಫೈಲ್‌ನಲ್ಲಿ (ಬಿಲ್ಡ್ ಹೇಗೆ ಮಾಡಬೇಕೆಂದು ಬರೆದ ಫೈಲ್) ಸಿ99 ಮೋಡ್, ಅಂದರೆ ಬರೀ 1999ರ ಸ್ಟ್ಯಾಂಡರ್ಡ್, ಹಾಕುತ್ತಾರೆ. ಆ ಮೋಡ್‌ನಲ್ಲಿ ಜಿಲಿಬ್‌ಸಿ (ಲಿನಕ್ಸ್‌ನ ಸಿ ಲೈಬ್ರರಿ) ಪೋಸಿಕ್ಸ್ ಹೆಸರುಗಳನ್ನು ಬಚ್ಚಿಡುತ್ತದೆ. ಘೋಷಣೆಗಳಿರುವ ಸ್ಟ್ರಿಂಗ್ ಹೆಡರ್ ಫೈಲ್ ಸೇರಿಸಿದ್ದೀರಿ, ಆದರೆ ಸ್ಟ್ರ್‌ಡಪ್‌ನ ಘೋಷಣೆ ಕಂಪೈಲರ್ ಕಣ್ಣಿಗೆ ಬೀಳುವುದೇ ಇಲ್ಲ. ಹಳೆಯ ಜಿಸಿಸಿ ವಾರ್ನಿಂಗ್ ಕೊಟ್ಟು, ಇಂಟ್ ಎಂದು ಊಹಿಸಿ ಮುಂದೆ ಹೋಗುತ್ತದೆ. 64 ಬಿಟ್ ಇಂಟೆಲ್ ಯಂತ್ರದಲ್ಲಿ ಬಂದ ಪಾಯಿಂಟರ್‌ನ (ಮೆಮೊರಿ ವಿಳಾಸದ) ಕೆಳಗಿನ 32 ಬಿಟ್ ಮಾತ್ರ ಉಳಿಯುತ್ತದೆ. ಹೆಕ್ಸ್‌ನಲ್ಲಿ 5581 4344 2160 ಇದ್ದ ವಿಳಾಸ ಕೈಗೆ ಬರುವಷ್ಟರಲ್ಲಿ ಬರೀ 4344 2160 ಆಗಿರುತ್ತದೆ. ಅದನ್ನು ಮುಟ್ಟಿದ ಕೂಡಲೇ ಸೆಗ್‌ಫಾಲ್ಟ್, ಪ್ರೋಗ್ರಾಂ ಅಲ್ಲೇ ಬೀಳುತ್ತದೆ.

ಇನ್ನೂ ಕೆಟ್ಟದ್ದೆಂದರೆ, ಇದು ಕೆಲವೊಮ್ಮೆ ವರ್ಷಗಟ್ಟಲೆ ಸರಿಯಾಗಿ ನಡೆಯುತ್ತದೆ. ಪೈ (ಪ್ರೋಗ್ರಾಂ ಮೆಮೊರಿಯಲ್ಲಿ ಎಲ್ಲಿ ಬೇಕಾದರೂ ಕೂರುವಂತೆ ಕಟ್ಟುವ ವಿಧಾನ) ಇಲ್ಲದೆ ಕಟ್ಟಿದ ಪ್ರೋಗ್ರಾಂನಲ್ಲಿ ಹೀಪ್ (ಓಡುವಾಗ ಕೇಳಿ ಪಡೆಯುವ ಮೆಮೊರಿ) ಸಾಮಾನ್ಯವಾಗಿ ಕೆಳ ವಿಳಾಸಗಳಲ್ಲೇ ಇರುವುದರಿಂದ ಮೇಲಿನ 32 ಬಿಟ್ ಹೇಗೂ ಸೊನ್ನೆ, ಕತ್ತರಿಸಿದರೂ ನಷ್ಟವಿಲ್ಲ. ಪೈ ಡಿಫಾಲ್ಟ್ ಆಗಿರುವ ಲಿನಕ್ಸ್ ಡಿಸ್ಟ್ರೋಗೆ ಹೋದ ದಿನ, ಒಂದಕ್ಷರ ಬದಲಾಗದ ಕೋಡ್ ಬೀಳಲು ಶುರುವಾಗುತ್ತದೆ. ಪರಿಹಾರ: ಮೊದಲ ಇನ್‌ಕ್ಲೂಡ್‌ಗಿಂತ ಮೇಲೆ ಪೋಸಿಕ್ಸ್ ಸಿ ಸೋರ್ಸ್ ಮ್ಯಾಕ್ರೋವನ್ನು 200809 ಎಂದು ಡಿಫೈನ್ ಮಾಡಿ, ಅಥವಾ ಸಿ99 ಬದಲು ಗ್ನೂ99 ಮೋಡ್ (ಸಿ99ಕ್ಕೆ ಜಿಸಿಸಿಯ ಹೆಚ್ಚುವರಿ ಸೌಲಭ್ಯ ಸೇರಿದ್ದು) ಬಳಸಿ. ಭಾಷೆಯ ಮೋಡ್ ಬಿಗಿ ಮಾಡಿ ವಾರ್ನಿಂಗ್ ಸಡಿಲ ಬಿಟ್ಟರೆ ಮೊದಲಿಗಿಂತ ಹೆಚ್ಚು ಅಪಾಯ.

ಹಾಗಾಗಿ ‘ಸ್ಟ್ಯಾಂಡರ್ಡ್ ಮೀರಿದ ಕೋಡ್’ ಎಂದು ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಬೇಡಿ. ಘೋಷಣೆಯಿಲ್ಲದ ಫಂಕ್ಷನ್, ಟೈಪ್ ಬರೆಯದೆ ಬಿಟ್ಟ ಇಂಟ್, ಪಾಯಿಂಟರ್ ಜಾಗಕ್ಕೆ ಇಂಟ್, ಹೊಂದದ ಪಾಯಿಂಟರ್ ಟೈಪ್, ತಾಳೆಯಾಗದ ರಿಟರ್ನ್: ಈ ಐದೂ ಬಗ್‌ಗಳೇ. ಜಿಸಿಸಿ 14 ಇವನ್ನು ಡಿಫಾಲ್ಟ್ ಆಗಿ ಎರರ್ ಮಾಡಿದೆ. ಹಳೆಯ ಆವೃತ್ತಿ ಬಳಸುವವರು ಒಂದೊಂದನ್ನೂ ಹೆಸರು ಹಿಡಿದು ಎರರ್ ಮಾಡಿಕೊಳ್ಳಬೇಕು. ಇಲ್ಲೊಂದು ಕಿಂಡಿ ಇದೆ, ಗಮನಿಸಿ: ಮೇಕ್‌ಫೈಲ್‌ನಲ್ಲಿ ಗ್ನೂ89 ಮೋಡ್ ಉಳಿದಿದ್ದರೆ ಹೊಸ ಜಿಸಿಸಿಯಲ್ಲೂ ಇವು ಹೆಚ್ಚೆಂದರೆ ವಾರ್ನಿಂಗ್ ಆಗಿ ಬರುತ್ತವೆ, ಏಕೆಂದರೆ ಆ ಮೋಡ್‌ನಲ್ಲಿ ‘ಪರ್ಮಿಸಿವ್’ (ಎರರ್‌ಗಳನ್ನು ವಾರ್ನಿಂಗ್‌ಗೆ ಇಳಿಸುವ ಆಯ್ಕೆ) ತಾನಾಗಿಯೇ ಆನ್ ಆಗಿರುತ್ತದೆ.

ಎರರ್ ಮಾಡಿದ ಮೇಲೆ, ಬಿಲ್ಡ್‌ಗೆ ಮೊದಲು ಯಂತ್ರದಲ್ಲಿ ಏನೇನಿದೆ ಎಂದು ಚಿಕ್ಕ ಕೋಡ್ ತುಣುಕುಗಳಿಂದ ಪರೀಕ್ಷಿಸುವ ಕಾನ್ಫಿಗರ್ ಸ್ಕ್ರಿಪ್ಟ್ ಮೇಲೆ ಕಣ್ಣಿಡಿ. ಹಳೆಯ ಸ್ಕ್ರಿಪ್ಟ್‌ಗಳ ಪರೀಕ್ಷಾ ತುಣುಕುಗಳು ಮೇನ್‌ಗೆ ಇಂಟ್ ಬರೆಯದೆ, ಹೆಡರ್ ಸೇರಿಸದೆ, ಎಕ್ಸಿಟ್ ಕರೆಯುತ್ತವೆ. ಈಗ ಆ ತುಣುಕು ಕಂಪೈಲ್ ಆಗುವುದಿಲ್ಲ. ಸ್ಕ್ರಿಪ್ಟ್ ಅದನ್ನು ‘ಈ ಸೌಲಭ್ಯ ಈ ಯಂತ್ರದಲ್ಲಿಲ್ಲ’ ಎಂದು ಅರ್ಥ ಮಾಡಿಕೊಂಡು ಸುಮ್ಮನೆ ಮುಂದೆ ಹೋಗುತ್ತದೆ. ಬಿಲ್ಡ್ ಪಾಸ್, ಟೆಸ್ಟೂ ಪಾಸ್ ಆಗಬಹುದು, ಆದರೆ ಒಂದು ಫೀಚರ್ ಸದ್ದಿಲ್ಲದೆ ಮಾಯ. ಹಳೆಯ ಕಂಪೈಲರ್‌ನಲ್ಲೊಮ್ಮೆ, ಹೊಸದರಲ್ಲೊಮ್ಮೆ ಕಾನ್ಫಿಗರ್ ಓಡಿಸಿ, ಹುಟ್ಟಿದ ಎರಡು ಕಾನ್ಫಿಗ್ ಹೆಡರ್‌ಗಳನ್ನು ಡಿಫ್ ಮಾಡಿ. ವ್ಯತ್ಯಾಸ ಕಂಡರೆ ಕಾನ್ಫಿಗ್ ಲಾಗ್‌ನಲ್ಲಿ ಆ ಪರೀಕ್ಷೆ ಯಾವ ಎರರ್‌ನಿಂದ ಬಿತ್ತು ಎಂದು ನೋಡಿ. ಡಬ್ಲ್ಯು-ಎರರ್ (ಎಲ್ಲ ವಾರ್ನಿಂಗ್‌ಗಳನ್ನೂ ಎರರ್ ಮಾಡುವ ಆಯ್ಕೆ) ಅನ್ನು ಕಾನ್ಫಿಗರ್‌ಗೆ ಮೊದಲೇ ಸಿ-ಫ್ಲ್ಯಾಗ್ಸ್‌ನಲ್ಲಿ (ಕಂಪೈಲರ್ ಆಯ್ಕೆಗಳ ಪಟ್ಟಿ) ಇಟ್ಟರೂ ಇದೇ ಗತಿ: ಆ ವಾರ್ನಿಂಗ್ ಆನ್ ಇದ್ದರೆ ಪರೀಕ್ಷಾ ತುಣುಕಿನಲ್ಲಿ ಬಳಸದ ಒಂದು ವೇರಿಯಬಲ್ ಸಾಕು. ಅದನ್ನು ಮೇಕ್ ಓಡಿಸುವಾಗ ಮಾತ್ರ ಕೊಡಿ.

ಬೇಕೆಂದೇ ಬಳಸಿದ ಎಕ್ಸ್‌ಟೆನ್ಷನ್‌ಗಳ (ಸ್ಟ್ಯಾಂಡರ್ಡ್‌ನಲ್ಲಿಲ್ಲದ, ಕಂಪೈಲರ್ ಕೊಡುವ ಹೆಚ್ಚುವರಿ ಸೌಲಭ್ಯಗಳ) ಮಾತೇ ಬೇರೆ. ಲಿನಕ್ಸ್ ಕರ್ನಲ್ ವಾಯ್ಡ್ ಪಾಯಿಂಟರ್ ಮೇಲೆ ಲೆಕ್ಕ ಮಾಡುತ್ತದೆ, ಸ್ಟೇಟ್‌ಮೆಂಟ್ ಎಕ್ಸ್‌ಪ್ರೆಷನ್‌ಗಳನ್ನು ಧಾರಾಳವಾಗಿ ಬಳಸುತ್ತದೆ, 5.18ನೇ ಆವೃತ್ತಿಯಿಂದ ಗ್ನೂ11 ಎಂದು ಸ್ಪಷ್ಟವಾಗಿ ಹೇಳಿಯೇ ಕಂಪೈಲ್ ಆಗುತ್ತದೆ. ಅದೇ ಕರ್ನಲ್ ವಿಎಲ್‌ಎ (ಓಡುವಾಗ ಗಾತ್ರ ತೀರ್ಮಾನವಾಗುವ ಅರೇ) ಅಪಾಯವೆಂದು ನಿರ್ಧರಿಸಿ, 2018ರಲ್ಲಿ ಎಲ್ಲವನ್ನೂ ತೆಗೆದು, ಮತ್ತೆ ನುಸುಳದಂತೆ ವಾರ್ನಿಂಗ್ ಹಾಕಿತು. ಈ ಕ್ರಮ ನನಗೆ ಸರಿ ಅನ್ನಿಸುತ್ತದೆ: ಯಾವುದನ್ನು ನೆಚ್ಚುತ್ತೇವೆ, ಯಾವುದನ್ನು ಬಿಡುತ್ತೇವೆ ಎಂಬುದನ್ನು ತಂಡವೇ ಕೂತು ತೀರ್ಮಾನಿಸಬೇಕು. ಮೋಡ್ ಬರೆಯದೆ ಬಿಟ್ಟರೆ ಆ ತೀರ್ಮಾನ ಕಂಪೈಲರ್ ಕೈಗೆ ಹೋಗುತ್ತದೆ. 2025ರ ಜಿಸಿಸಿ 15 ಡಿಫಾಲ್ಟ್ ಅನ್ನು ಗ್ನೂ17ರಿಂದ ಗ್ನೂ23ಕ್ಕೆ ಬದಲಿಸಿತು. ಅದರಲ್ಲಿ ಫಂಕ್ಷನ್ ಹೆಸರಿನ ಮುಂದೆ ಖಾಲಿ ಬ್ರಾಕೆಟ್ ಎಂದರೆ ‘ಆರ್ಗ್ಯುಮೆಂಟೇ ಇಲ್ಲ’ ಎಂದರ್ಥ. ಬೂಲ್ (ಹೌದು/ಅಲ್ಲ ಹಿಡಿಯುವ ಟೈಪ್) ಈಗ ಭಾಷೆಯದೇ ಕೀವರ್ಡ್. ತಾವೇ ಬೂಲ್ ಟೈಪ್‌ಡೆಫ್ ಮಾಡಿಕೊಂಡ ಹಳೆಯ ಕೋಡೆಲ್ಲ ಅಲ್ಲಿ ಮುಗ್ಗರಿಸುತ್ತದೆ.

ಪೆಡಾಂಟಿಕ್ ಎಂಬ ಕಂಪೈಲರ್ ಆಯ್ಕೆಯ ಬಗ್ಗೆ ತಪ್ಪು ತಿಳಿವಳಿಕೆ ಹೆಚ್ಚು. ಸ್ಟ್ಯಾಂಡರ್ಡ್ ‘ಇಲ್ಲಿ ಎಚ್ಚರಿಸಲೇಬೇಕು’ ಎಂದ ಕಡೆಗಳನ್ನು ಅದು ಮುಖ್ಯವಾಗಿ ಹಿಡಿಯುತ್ತದೆ, ಅಷ್ಟೇ. ಅದು ಮೌನವಾಗಿದ್ದ ಮಾತ್ರಕ್ಕೆ ಕೋಡ್ ಎಲ್ಲೆಡೆ ಓಡುತ್ತದೆ ಎಂದಲ್ಲ. ಬೇರೆಯವರು ತಮ್ಮ ಪ್ರಾಜೆಕ್ಟ್‌ಗೆ ಸೇರಿಸಿಕೊಳ್ಳುವ ಪಬ್ಲಿಕ್ ಹೆಡರ್‌ಗಳಿಗೆ ಅದನ್ನು ಖಂಡಿತ ಹಾಕಿ, ಏಕೆಂದರೆ ಅವರ ಫ್ಲ್ಯಾಗ್ ಏನೆಂದು ನಿಮಗೆ ಗೊತ್ತಿರುವುದಿಲ್ಲ. ಒಳಗಿನ ಕೋಡ್‌ಗೆ ಹಾಕಿದರೆ ನಿಜವಾದ ಬಗ್‌ಗಳು ಆ ಗಲಾಟೆಯಲ್ಲಿ ಮುಳುಗಿಹೋಗುತ್ತವೆ.

ಡಬ್ಲ್ಯು-ಎರರ್ ಸಿಐನಲ್ಲಿರಲಿ (ಪ್ರತಿ ಬದಲಾವಣೆಯನ್ನೂ ತಾನಾಗಿ ಕಟ್ಟಿ ಪರೀಕ್ಷಿಸುವ ವ್ಯವಸ್ಥೆ), ಕಂಪೈಲರ್ ಆವೃತ್ತಿ ಅಲ್ಲಿ ನಿಮ್ಮ ಹಿಡಿತದಲ್ಲಿರುತ್ತದೆ. ಬಿಡುಗಡೆ ಮಾಡುವ ಟಾರ್‌ಬಾಲ್‌ನಲ್ಲಿ (ಕೋಡ್‌ನ ಕಂತೆ) ಬೇಡವೇ ಬೇಡ. ಮುಂದಿನ ವರ್ಷದ ಜಿಸಿಸಿ ಹೊಸ ವಾರ್ನಿಂಗ್ ಕಲಿತು ಬರುತ್ತದೆ, ಸರಿಯಿದ್ದ ಕೋಡ್ ಪ್ಯಾಕೇಜ್ ಮಾಡುವವರ ಯಂತ್ರದಲ್ಲಿ ನಿಂತುಹೋಗುತ್ತದೆ. ಕರ್ನಲ್ ಕೂಡ 2021ರಲ್ಲಿ ಇದನ್ನು ಎಲ್ಲರಿಗೂ ಡಿಫಾಲ್ಟ್ ಆಗಿ ಆನ್ ಮಾಡಿ, ಕೆಲವೇ ದಿನಗಳಲ್ಲಿ ಪರೀಕ್ಷಾ ಬಿಲ್ಡ್‌ಗಳಿಗೆ ಮಾತ್ರ ಡಿಫಾಲ್ಟ್ ಆಗಿರುವಂತೆ ಬದಲಿಸಬೇಕಾಯಿತು.

ಹಳೆಯ ಕೋಡ್ ಶುಚಿ ಮಾಡುವವರು ಮೊದಲು ಎಣಿಸಿ. ಮೇಕ್‌ಗೆ ‘ಕೆ’ ಆಯ್ಕೆ ಕೊಟ್ಟರೆ ಎರರ್ ಬಂದರೂ ಉಳಿದ ಫೈಲ್‌ಗಳು ಕಂಪೈಲ್ ಆಗುತ್ತವೆ. ಎರರ್ ಔಟ್‌ಪುಟ್ ಅನ್ನು ಫೈಲ್‌ಗೆ ಬರೆಸಿ. ಬಹುತೇಕ ಪ್ರತಿ ವಾರ್ನಿಂಗ್‌ನ ಕೊನೆಗೆ ಚೌಕ ಬ್ರಾಕೆಟ್‌ನಲ್ಲಿ ಅದರ ಹೆಸರಿರುತ್ತದೆ. ಒಂದೇ ಹೆಡರ್‌ನ ದೂರು ನೂರು ಫೈಲ್‌ಗಳಲ್ಲಿ ನೂರು ಸಲ ಬರುತ್ತದೆ, ಹಾಗಾಗಿ ಫೈಲ್ ಮತ್ತು ಸಾಲಿನ ಸಂಖ್ಯೆ ಹಿಡಿದು ನಕಲು ತೆಗೆದ ಮೇಲೆ ಹೆಸರುವಾರು ಲೆಕ್ಕ ಹಾಕಿ. ಒಂದು ಹೆಸರು ಸೊನ್ನೆಗೆ ಬಂದ ದಿನವೇ ಅದನ್ನು ಎರರ್ ಮಾಡಿ, ನಂತರ ಮುಂದಿನದಕ್ಕೆ ಹೋಗಿ. ಎಣಿಕೆಯನ್ನು ಓ2 ಆಪ್ಟಿಮೈಸೇಶನ್ ಮಟ್ಟದಲ್ಲೇ ಮಾಡಿ: ಆಪ್ಟಿಮೈಸೇಶನ್ ಇಲ್ಲದೆ ‘ಮೇಬಿ ಅನ್‌ಇನಿಷಿಯಲೈಸ್ಡ್’ ಥರದ ವಾರ್ನಿಂಗ್‌ಗಳು ಸರಿಯಾಗಿ ಬರುವುದಿಲ್ಲ. ಹೊರಗಿನ ಲೈಬ್ರರಿಗಳ ಹೆಡರ್ ದಾರಿಯನ್ನು ‘ಐ’ ಆಯ್ಕೆಯ ಬದಲು ‘ಐಸಿಸ್ಟಮ್’ ಆಯ್ಕೆಯಿಂದ ಕೊಟ್ಟರೆ ಅವರ ಮನೆಯ ದೂರುಗಳು ನಿಮ್ಮ ಲೆಕ್ಕಕ್ಕೆ ಸೇರುವುದಿಲ್ಲ.