ಹಡಗು ಹತ್ತುವ ಮುನ್ನ: ಗೆಳೆಯರ ಜೊತೆ ಕೆರಿಬಿಯನ್ ಕ್ರೂಸ್

ಅಮೆರಿಕದಲ್ಲಿರುವ ನಮ್ಮ ಜೋಡಿಗಳು ಮೂರು-ನಾಲ್ಕು ಸೇರಿ ರಜೆ ಹಾಕುವ ಯೋಚನೆ ಮಾಡಿದರೆ ಈಗ ಮೊದಲು ಬರುವ ಮಾತು ಕ್ರೂಸ್. ಯಾರೂ ಡ್ರೈವ್ ಮಾಡಬೇಕಿಲ್ಲ, ದಿನಕ್ಕೊಂದು ಹೋಟೆಲ್ ಬದಲಿಸಬೇಕಿಲ್ಲ, ಯಾರ ಮೇಲೂ ಅಡುಗೆಯ ಹೊರೆ ಬೀಳುವುದಿಲ್ಲ. ಪೆಟ್ಟಿಗೆ ಒಮ್ಮೆ ಬಿಚ್ಚಿದರೆ ಏಳು ರಾತ್ರಿ ಅದೇ ಕೋಣೆ, ಬೆಳಿಗ್ಗೆ ಕಣ್ಣು ಬಿಟ್ಟರೆ ಹೊಸ ದ್ವೀಪ. ಊರಿನಿಂದ ಮಕ್ಕಳ ಮನೆಗೆ ಬಂದ ಅಪ್ಪ-ಅಮ್ಮಂದಿರನ್ನೂ ಕರೆದುಕೊಂಡು ಹೋಗುವವರಿದ್ದಾರೆ. ಇಷ್ಟು ಹಗುರ ಅನ್ನಿಸುವ ಈ ಪ್ರವಾಸ ಕೆಟ್ಟರೆ ಬಹುಮಟ್ಟಿಗೆ ಕೆಡುವುದು ಬಂದರಿನ ಚೆಕ್-ಇನ್ ಕೌಂಟರಿನಲ್ಲಿ, ಸಮುದ್ರ ಕಾಣುವ ಮೊದಲೇ. ಅದಕ್ಕೇ ಕಾಗದಪತ್ರದಿಂದ ಶುರು ಮಾಡುವುದು ಒಳ್ಳೆಯದು.

ಅಮೆರಿಕದಲ್ಲಿ 1886ರ ಒಂದು ಕಾನೂನಿದೆ. ವಿದೇಶಿ ಬಾವುಟದ ಹಡಗು ಬರೀ ಅಮೆರಿಕದ ಬಂದರುಗಳ ನಡುವೆ ಪ್ರಯಾಣಿಕರನ್ನು ಸಾಗಿಸುವಂತಿಲ್ಲ. ಮಯಾಮಿ, ಫೋರ್ಟ್ ಲಾಡರ್‌ಡೇಲ್, ಪೋರ್ಟ್ ಕೆನವೆರಲ್, ಗ್ಯಾಲ್ವೆಸ್ಟನ್‌ಗಳಿಂದ ಹೊರಡುವ ದೊಡ್ಡ ಹಡಗುಗಳು ಬಹಳಷ್ಟು ಬಹಾಮಾಸ್, ಪನಾಮಾ, ಮಾಲ್ಟಾ ಮುಂತಾದ ಕಡೆ ನೋಂದಣಿಯಾದವು. ಹಾಗಾಗಿ ಅವು ದಾರಿಯಲ್ಲಿ ಒಂದಾದರೂ ಪರದೇಶದ ಬಂದರನ್ನು ಮುಟ್ಟಲೇಬೇಕು. ಮೂರು ರಾತ್ರಿಯ ಬಹಾಮಾಸ್ ಟ್ರಿಪ್ ಆದರೂ ಭಾರತದ ಪಾಸ್‌ಪೋರ್ಟ್ ಇರುವವರ ಪಾಲಿಗೆ ಅದು ದೇಶ ಬಿಟ್ಟು ಮತ್ತೆ ದೇಶದೊಳಗೆ ಬರುವುದೇ.

ಎಚ್-1ಬಿ ಎಂಬ ಉದ್ಯೋಗ ವೀಸಾದ ಮೇಲೆ ಇರುವ ಬಹಳ ಜನರ ಸ್ಥಿತಿ ಹೀಗಿರುತ್ತದೆ: ಕೈಯಲ್ಲಿ ಹೊಸ ಐ-797 (ಸರ್ಕಾರದ ಒಪ್ಪಿಗೆ ಪತ್ರ) ಇದೆ, ಕೆಲಸಕ್ಕೆ ತೊಂದರೆಯಿಲ್ಲ, ಆದರೆ ಪಾಸ್‌ಪೋರ್ಟಿನ ವೀಸಾ ಸ್ಟ್ಯಾಂಪ್ ಅವಧಿ ಮುಗಿದು ವರ್ಷವಾಗಿದೆ. ಮುಗಿದ ಸ್ಟ್ಯಾಂಪಿನ ಮೇಲೆ 30 ದಿನದೊಳಗೆ ವಾಪಸ್ ಬರಲು ಒಂದು ರಿಯಾಯಿತಿ ಇರುವುದು ನಿಜ. ಆದರೆ ಎಚ್-1ಬಿಯವರಿಗೆ ಅದು ಕೆನಡಾ, ಮೆಕ್ಸಿಕೊಗಳಿಗಷ್ಟೇ. ಹತ್ತಿರದ ದ್ವೀಪಗಳಿಗೂ ಅದು ಅನ್ವಯವಾಗುವುದು ಎಫ್-1 (ವಿದ್ಯಾರ್ಥಿ), ಜೆ-1 (ವಿನಿಮಯ ಕಾರ್ಯಕ್ರಮ) ವೀಸಾದವರಿಗೆ ಮಾತ್ರ. ಅದನ್ನು ಯಾರೋ ವಿದ್ಯಾರ್ಥಿಯಾಗಿದ್ದಾಗ ಬಳಸಿರುತ್ತಾರೆ, 'ಏನೂ ಆಗಲ್ಲ, ನಾವು ಹೋಗಿ ಬಂದ್ವಲ್ಲ' ಎನ್ನುತ್ತಾರೆ. ಅದನ್ನು ನಂಬಿ ಬಹಾಮಾಸ್‌ಗೋ ಸೇಂಟ್ ಮಾರ್ಟನ್‌ಗೋ ಟಿಕೆಟ್ ತೆಗೆದರೆ ಬಂದರಿನಲ್ಲೇ ತಡೆಯುತ್ತಾರೆ, ಕೊಟ್ಟ ಹಣವೂ ಹೋಗುತ್ತದೆ. ಅಮೆರಿಕನ್ ಸಹೋದ್ಯೋಗಿಗಳು 'ಕ್ರೂಸ್‌ಗೆ ಪಾಸ್‌ಪೋರ್ಟೇ ಬೇಡ, ಬರ್ತ್ ಸರ್ಟಿಫಿಕೇಟ್ ಸಾಕು' ಎಂದು ಹೇಳುವುದೂ ಸುಳ್ಳಲ್ಲ, ಆದರೆ ಅದು ಹೊರಟ ಬಂದರಿಗೇ ಮರಳುವ ಹಡಗಿನಲ್ಲಿರುವ ಅವರ ದೇಶದ ಪ್ರಜೆಗಳಿಗೆ ಮಾತ್ರ ಇರುವ ಸೌಲಭ್ಯ.

ಊರಿನಿಂದ ಬಂದ ಹಿರಿಯರಿದ್ದರೆ ಅವರ ಬಿ-2 (ಪ್ರವಾಸಿ) ವೀಸಾ ಪುಟ ತೆಗೆದು 'ಎಂಟ್ರೀಸ್' ಎಂದಿರುವ ಕಡೆ ನೋಡಿ. ಅಲ್ಲಿ 'ಎಂ' ಅಕ್ಷರವಿದ್ದರೆ ಹಲವು ಬಾರಿ ಬರಬಹುದು ಎಂದರ್ಥ. ಗ್ರೀನ್ ಕಾರ್ಡ್ ಇರುವವರು ಮೂಲ ಕಾರ್ಡನ್ನೇ ಒಯ್ಯಬೇಕು, ಫೋಟೊಕಾಪಿ ನಡೆಯುವುದಿಲ್ಲ. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. ಇನ್ನು ಹಡಗು ನಿಲ್ಲುವ ಪ್ರತಿ ದ್ವೀಪದ ವೀಸಾ ನಿಯಮ ಬೇರೆ ಬೇರೆ. ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು, ಅಮೆರಿಕದ ವೀಸಾ ಯಾವುದು ಎಂದು ಬರೆದು, ಕ್ರೂಸ್ ಕಂಪನಿಯಿಂದ ಇಮೇಲ್‌ನಲ್ಲೇ ಉತ್ತರ ತರಿಸಿಕೊಳ್ಳಿ. ಫೋನಿನಲ್ಲಿ ಸಿಕ್ಕ ಉತ್ತರ ಕೌಂಟರಿನಲ್ಲಿ ಕೆಲಸಕ್ಕೆ ಬಾರದು.

ಕಾಲ ಯಾವುದಿರಬೇಕು? ಅಟ್ಲಾಂಟಿಕ್‌ನ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಅದರಲ್ಲೂ ಆಗಸ್ಟ್‌ನಿಂದ ಅಕ್ಟೋಬರ್ ಜೋರು. ಹಡಗು ಚಂಡಮಾರುತದೊಳಗೆ ನುಗ್ಗುವುದಿಲ್ಲ, ದಾರಿ ಬದಲಿಸಿ ಸುತ್ತಿಕೊಂಡು ಹೋಗುತ್ತದೆ. ತೊಂದರೆ ಇರುವುದು ಅಲ್ಲೇ: ಪೂರ್ವಕ್ಕೆ ಸೇಂಟ್ ಥಾಮಸ್‌ಗೆ ಹೊರಡಬೇಕಾದ್ದು ಪಶ್ಚಿಮಕ್ಕೆ ಕೊಝುಮೆಲ್ ಕಡೆ ತಿರುಗಬಹುದು. ಟಿಕೆಟ್ ಒಪ್ಪಂದದಲ್ಲಿ ಆ ಅಧಿಕಾರ ಕ್ಯಾಪ್ಟನ್‌ಗೆ ಇರುತ್ತದೆ. ಆದ್ದರಿಂದ ವೀಸಾ ವಿಚಾರಿಸುವಾಗ ಎರಡೂ ದಿಕ್ಕಿನ ದ್ವೀಪಗಳನ್ನು ಕೇಳಿಟ್ಟುಕೊಳ್ಳಬೇಕು. ಥ್ಯಾಂಕ್ಸ್‌ಗಿವಿಂಗ್ ಮುಗಿದು ಕ್ರಿಸ್‌ಮಸ್ ರಜೆ ಶುರುವಾಗುವವರೆಗಿನ ಎರಡು-ಮೂರು ವಾರ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೆಯ ಸಮಯ. ಬಿರುಗಾಳಿಯ ಕಾಲ ಕಳೆದಿರುತ್ತದೆ, ದರ ಇನ್ನೂ ಏರಿರುವುದಿಲ್ಲ.

ದರ ನೋಡುವಾಗ ಒಂದು ಮಾತು. ಜಾಹೀರಾತಿನ ಬೆಲೆ ಒಬ್ಬರಿಗೆ, ಅದೂ ಒಂದು ಕೋಣೆಗೆ ಇಬ್ಬರು ಎಂಬ ಲೆಕ್ಕದಲ್ಲಿ. ಒಬ್ಬರೇ ಹೋದರೆ ಹೆಚ್ಚುಕಮ್ಮಿ ಎರಡರಷ್ಟು ಕೊಡಬೇಕು. ಬಂದರು ಶುಲ್ಕ ಮತ್ತು ತೆರಿಗೆ ಸೇರಿದೆಯೇ ನೋಡಿ. ಟಿಪ್ಸ್ ದಿನಕ್ಕೆ ತಲೆಗೆ 16ರಿಂದ 20 ಡಾಲರ್ ತಾನಾಗೇ ಖಾತೆಗೆ ಬೀಳುತ್ತದೆ. 18 ಎಂದು ಹಿಡಿದರೂ ಗಂಡ-ಹೆಂಡತಿಗೆ ಏಳು ದಿನಕ್ಕೆ 252 ಡಾಲರ್. ವೈಫೈ ಬೇರೆ, ಬಂದರಿನ ಪಾರ್ಕಿಂಗ್ ಬೇರೆ. ಮದ್ಯದ ಪ್ಯಾಕೇಜಿನಲ್ಲಿ ಅನೇಕರು ಎಡವುತ್ತಾರೆ. ಒಂದೇ ಕೋಣೆಯಲ್ಲಿರುವ ವಯಸ್ಕರಲ್ಲಿ ಒಬ್ಬರು ಕೊಂಡರೆ ಇನ್ನೊಬ್ಬರೂ ಕೊಳ್ಳಬೇಕು ಎಂಬ ನಿಯಮ ಹಲವು ಕಂಪನಿಗಳಲ್ಲಿದೆ. ಗಂಡ ಕುಡಿಯುತ್ತಾರೆ, ಹೆಂಡತಿ ಮುಟ್ಟುವುದಿಲ್ಲ ಎಂದಾದರೆ ಗ್ಲಾಸಿನ ಲೆಕ್ಕದಲ್ಲಿ ಕೊಳ್ಳುವುದೇ ಅಗ್ಗ.

ಗೆಳೆಯರ ಗುಂಪಿಗೆ ಎರಡು ಕೆಲಸ ಮುಖ್ಯ. ಪ್ರತಿ ಜೋಡಿ ತನ್ನ ಕೋಣೆಯನ್ನು ತನ್ನ ಕಾರ್ಡಿನಲ್ಲೇ ಬುಕ್ ಮಾಡಲಿ, ಆದರೆ ಎಲ್ಲ ಬುಕಿಂಗ್ ನಂಬರುಗಳನ್ನು ಕಂಪನಿಗೆ ಹೇಳಿ ಒಂದಕ್ಕೊಂದು ಲಿಂಕ್ ಮಾಡಿಸಲಿ. ಆಗ ರಾತ್ರಿಯೂಟಕ್ಕೆ ಒಂದೇ ಹೊತ್ತು, ಒಂದೇ ಟೇಬಲ್ ಸಿಗುತ್ತದೆ. ಬಾಲ್ಕನಿ ಕೋಣೆಗಳು ಅಕ್ಕಪಕ್ಕ ಸಿಕ್ಕರೆ ನಡುವಿನ ತಡಿಕೆಯನ್ನು ತೆಗೆಸಬಹುದು. ಅನೇಕ ಹಡಗುಗಳಲ್ಲಿ ಕೋಣೆ ನೋಡಿಕೊಳ್ಳುವವರನ್ನು ಕೇಳಿದರೆ ಕೀಲಿ ತಂದು ಬಿಚ್ಚಿ ಗೋಡೆಗೆ ಒರಗಿಸಿ ಹೋಗುತ್ತಾರೆ. ಮೂರು ಬಾಲ್ಕನಿ ಸೇರಿ ಒಂದು ಉದ್ದನೆಯ ಜಗಲಿಯಾಗುತ್ತದೆ. ರಾತ್ರಿ ಊಟವಾದ ಮೇಲೆ ಎಲ್ಲರೂ ಕಾಲು ಚಾಚಿ ಕೂತು, ಕೆಳಗೆ ಹಡಗು ಸೀಳಿದ ಬಿಳಿ ನೊರೆ ಕತ್ತಲಲ್ಲಿ ಹಿಂದಕ್ಕೆ ಸರಿಯುವುದನ್ನು ನೋಡುತ್ತಾ ಮಾತಾಡಬಹುದು. ಇಡೀ ದಿನ ಎಲ್ಲರೂ ಜೊತೆಗೇ ಇರಬೇಕು ಎಂದು ಹಟ ಬೇಡ. ರಾತ್ರಿಯೂಟ ಒಟ್ಟಿಗೆ, ಉಳಿದದ್ದು ಅವರವರ ಇಷ್ಟ ಎಂದು ಹೊರಡುವ ಮೊದಲೇ ಮಾತಾಡಿಕೊಂಡ ಗುಂಪುಗಳು ಸ್ನೇಹ ಉಳಿಸಿಕೊಂಡೇ ವಾಪಸ್ ಬರುತ್ತವೆ.

ಊಟದ ಬಗ್ಗೆ ಊರಿನವರು ಕೇಳುವಷ್ಟು ಪ್ರಶ್ನೆ ಸಮುದ್ರದ ಬಗ್ಗೆಯೂ ಕೇಳುವುದಿಲ್ಲ. ಸಸ್ಯಾಹಾರಿಗಳು ಹೆದರಬೇಕಿಲ್ಲ. ಬುಕಿಂಗ್ ಆದ ಮೇಲೆ, ಹೊರಡುವುದಕ್ಕೆ ಒಂದು ತಿಂಗಳಿಗೂ ಮೊದಲೇ 'ಇಂಡಿಯನ್ ವೆಜಿಟೇರಿಯನ್' ಎಂದು ಕೋರಿಕೆ ಕಳಿಸಿ. ಮೊದಲ ರಾತ್ರಿ ಡೈನಿಂಗ್ ಹಾಲಿನ ಹೆಡ್ ವೇಟರನ್ನು ಹುಡುಕಿ ಮಾತಾಡಿ. ಅವರು ನಾಳೆಯ ಊಟಕ್ಕೆ ಇವತ್ತೇ ಹೇಳಿಸಿಕೊಳ್ಳುತ್ತಾರೆ, ಮರುದಿನ ಅನ್ನ, ದಾಲ್, ಪಲ್ಯ, ಹಪ್ಪಳ ಟೇಬಲಿಗೆ ಬರುತ್ತದೆ. ಸಿಬ್ಬಂದಿಯ ಎದೆಯ ಮೇಲಿನ ಬ್ಯಾಡ್ಜಿನಲ್ಲಿ ಹೆಸರಿನ ಕೆಳಗೆ ದೇಶದ ಹೆಸರೂ ಇರುತ್ತದೆ. 'ಇಂಡಿಯಾ' ಎಂದು ಕಂಡರೆ ಊರು ಯಾವುದೆಂದು ಕೇಳಿ. ಗೋವಾ, ಮುಂಬೈ, ಕೇರಳದವರ ಜೊತೆಗೆ ಮಂಗಳೂರು-ಉಡುಪಿ ಕಡೆಯವರೂ ಈ ಹಡಗುಗಳಲ್ಲಿ ದುಡಿಯುತ್ತಾರೆ. ಆರೇಳು ತಿಂಗಳ ಕರಾರಿನಲ್ಲಿ ಮನೆ ಬಿಟ್ಟು ಬಂದವರಿಗೆ ಕನ್ನಡದ್ದೋ ತುಳುವಿನದ್ದೋ ನಾಲ್ಕು ಮಾತು ಎಷ್ಟು ಬೇಕಾಗಿರುತ್ತದೆ ಎಂಬುದು ಅವರ ಮುಖದಲ್ಲೇ ಕಾಣುತ್ತದೆ.

ಎಚ್ಚರ ಬೇಕಾದ್ದು ಸೂಪ್ ಮತ್ತು ಸಿಹಿಯಲ್ಲಿ. ತರಕಾರಿ ಸೂಪ್ ಎಂದಿದ್ದರೂ ಕೋಳಿಯ ಸ್ಟಾಕ್ ಹಾಕಿರಬಹುದು, ಮೂಸ್‌ನಂಥ ಸಿಹಿಗೆ ಜೆಲಾಟಿನ್ ಬಿದ್ದಿರಬಹುದು. ಕೇಳಿದರೆ ನಿಜ ಹೇಳುತ್ತಾರೆ. ರೈಸ್ ಕುಕ್ಕರ್, ಎಲೆಕ್ಟ್ರಿಕ್ ಕೆಟಲ್, ಇಸ್ತ್ರಿಪೆಟ್ಟಿಗೆ, ಎಕ್ಸ್‌ಟೆನ್ಷನ್ ಕಾರ್ಡ್ ಒಯ್ಯಬೇಡಿ. ಹಡಗಿನಲ್ಲಿ ಬೆಂಕಿಯೇ ದೊಡ್ಡ ಭಯ, ಸ್ಕ್ಯಾನರಿನಲ್ಲಿ ಕಂಡ ಕೂಡಲೇ ಕಿತ್ತಿಟ್ಟುಕೊಳ್ಳುತ್ತಾರೆ. ಮನೆಯಲ್ಲಿ ಮಾಡಿದ ತಿಂಡಿಗೂ ಸಾಮಾನ್ಯವಾಗಿ ಒಪ್ಪಿಗೆಯಿಲ್ಲ. ಅಂಗಡಿಯಿಂದ ತಂದ, ಸೀಲ್ ಒಡೆಯದ ಚಟ್ನಿಪುಡಿ, ಖಾರದ ಪೊಟ್ಟಣ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಕಪ್ಪು ನಡೆಯುತ್ತವೆ. ಬಿಸಿನೀರು ಬಫೆಯಲ್ಲಿ ಸಿಗುತ್ತದೆ. ಬಫೆಗೆ ಹೋಗುವಾಗಲೆಲ್ಲ ಸೋಪು ಹಾಕಿ ಕೈ ತೊಳೆಯಿರಿ. ಹಡಗುಗಳಲ್ಲಿ ವಾಂತಿ-ಭೇದಿ ಹರಡುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ.

ಫಾರ್ಮಲ್ ನೈಟ್ ಎಂಬ ರಾತ್ರಿಗೆ ಕೋಟು ಹುಡುಕಿಕೊಂಡು ಅಲೆಯಬೇಡಿ. ರೇಷ್ಮೆ ಸೀರೆ, ಜುಬ್ಬ ಹಾಕಿಕೊಂಡರೆ ಅದಕ್ಕಿಂತ ಚೆಂದದ ಉಡುಪಿಲ್ಲ.

ಸಮುದ್ರದ ತಲೆಸುತ್ತಿಗೆ ಮದ್ದು ಕೋಣೆಯ ಆಯ್ಕೆಯಲ್ಲೇ ಇದೆ. ಹಡಗು ತಕ್ಕಡಿಯ ದಂಡದಂತೆ ತೂಗುತ್ತದೆ, ನಡುಭಾಗ ಕಡಿಮೆ ಅಲುಗುತ್ತದೆ, ಮುಂದಿನ ತುದಿ ಮತ್ತು ಮೇಲಿನ ಡೆಕ್ ಹೆಚ್ಚು. ಹೊಟ್ಟೆ ಸೂಕ್ಷ್ಮವಿರುವವರು ನಡುಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ ಕೋಣೆ ಹಿಡಿಯಲಿ. ಡಿಸ್ಕೊ ಅಥವಾ ಅಡುಗೆಮನೆಯ ಕೆಳಗಿನ ಕೋಣೆ ಬೇಡ, ನಿದ್ದೆ ಬರುವುದಿಲ್ಲ. ಮೆಕ್ಲಿಜಿನ್ ಮಾತ್ರೆ ವಾಕರಿಕೆ ಶುರುವಾದ ಮೇಲಲ್ಲ, ಹೊರಡುವ ಒಂದು ಗಂಟೆ ಮೊದಲೇ ನುಂಗಬೇಕು. ಬಿಪಿ, ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆಗೆ ಔಷಧ ತೆಗೆದುಕೊಳ್ಳುವ ಹಿರಿಯರು ವೈದ್ಯರನ್ನು ಕೇಳಿ ತೆಗೆದುಕೊಳ್ಳಲಿ. ಅಂದಹಾಗೆ ಹಡಗಿನ ಡಾಕ್ಟರ್ ಶುಲ್ಕ ಸೀದಾ ನಿಮ್ಮ ಖಾತೆಗೆ ಬೀಳುತ್ತದೆ. ಸಂದರ್ಶಕರ ವಿಮೆ ಸಮುದ್ರದ ಮೇಲೂ, ಹೆಲಿಕಾಪ್ಟರಿನಲ್ಲಿ ಒಯ್ಯಬೇಕಾಗಿ ಬಂದರೂ ನಡೆಯುತ್ತದೆಯೇ ಎಂದು ಓದಿ ನೋಡಿ. 24 ವಾರ ತುಂಬಿದ ಗರ್ಭಿಣಿಯರನ್ನು ಹತ್ತಿಸಿಕೊಳ್ಳುವುದಿಲ್ಲ.

ಹೊರಡುವ ಊರಿಗೆ ಹಿಂದಿನ ದಿನವೇ ತಲುಪಿ. ಚಳಿಗಾಲದಲ್ಲಿ ಷಿಕಾಗೋದಲ್ಲೋ ನ್ಯೂಜೆರ್ಸಿಯಲ್ಲೋ ಹಿಮ ಬಿದ್ದು ವಿಮಾನ ತಡವಾದರೆ ಹಡಗು ಕಾಯುವುದಿಲ್ಲ. ಹೊರಡುವ ಹೊತ್ತಿಗೆ ಒಂದು-ಒಂದೂವರೆ ಗಂಟೆ ಮೊದಲೇ ಬಾಗಿಲು ಮುಚ್ಚುತ್ತಾರೆ. ದೊಡ್ಡ ಪೆಟ್ಟಿಗೆ ಬಂದರಿನಲ್ಲಿ ಕೊಟ್ಟರೆ ಕೋಣೆ ಮುಟ್ಟುವಾಗ ಸಂಜೆಯಾಗುತ್ತದೆ. ಪಾಸ್‌ಪೋರ್ಟ್, ಔಷಧ, ಈಜುಡುಗೆ, ಚಾರ್ಜರ್ ಕೈಚೀಲದಲ್ಲಿರಲಿ. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಹಡಗಿನ ಮೊಬೈಲ್ ಸಿಗ್ನಲ್ ಹಿಡಿದು ರೋಮಿಂಗ್ ಬಿಲ್ ಬರುತ್ತದೆ. ಸುರಕ್ಷತಾ ಡ್ರಿಲ್ ತಪ್ಪಿಸುವಂತಿಲ್ಲ. ಏಳು ಗಿಡ್ಡ, ಒಂದು ಉದ್ದನೆಯ ಸೈರನ್ ಕೇಳಿದರೆ ಎಲ್ಲಿ ಸೇರಬೇಕೆಂಬುದನ್ನು ಮಕ್ಕಳಿಗೂ ಹಿರಿಯರಿಗೂ ಆ ಜಾಗಕ್ಕೇ ಕರೆದೊಯ್ದು ತೋರಿಸಿ.

ದ್ವೀಪಗಳಲ್ಲಿ ಇಳಿದಾಗ ಗಡಿಯಾರವೇ ಮೋಸ ಮಾಡುತ್ತದೆ. ಹಡಗು ಬಹುಪಾಲು ತನ್ನದೇ ಸಮಯ ಇಟ್ಟುಕೊಳ್ಳುತ್ತದೆ, ಫೋನು ಇಳಿದ ದ್ವೀಪದ ಸಮಯಕ್ಕೆ ತಾನೇ ತಿರುಗುತ್ತದೆ. ಮೆಕ್ಸಿಕೊದ ಕೊಝುಮೆಲ್ ಇರುವ ಕಿಂಟಾನಾ ರೂ ರಾಜ್ಯ 2015ರಿಂದ ಬೇಸಿಗೆಯಲ್ಲಿ ಗಡಿಯಾರ ಮುಂದೆ ಹಾಕುವುದಿಲ್ಲ. ಅದಕ್ಕೇ ಬೇಸಿಗೆಯಲ್ಲಿ ಅದು ಮಯಾಮಿಗಿಂತ ಒಂದು ಗಂಟೆ ಹಿಂದೆ. ಫೋನಿನಲ್ಲಿ 3:30 ಎಂದು ನೋಡಿ ನಿಧಾನಕ್ಕೆ ಎಳನೀರು ಕುಡಿಯುತ್ತಿದ್ದರೆ ಹಡಗಿನಲ್ಲಿ 4:30 ಆಗಿ ಏಣಿ ಎತ್ತುತ್ತಿರುತ್ತಾರೆ. ಕೈಗೆ ಮಾಮೂಲಿ ಗಡಿಯಾರ ಕಟ್ಟಿ ಹಡಗಿನ ಸಮಯಕ್ಕೆ ಇಟ್ಟುಕೊಳ್ಳುವುದೇ ಸರಿ. ಹಡಗಿನವರೇ ಏರ್ಪಡಿಸಿದ ಟೂರ್ ತಡವಾದರೆ ಕಾಯುತ್ತಾರೆ, ಸ್ವಂತ ಟ್ಯಾಕ್ಸಿಯಲ್ಲಿ ಹೋದವರಿಗೆ ಕಾಯುವುದಿಲ್ಲ. ತಪ್ಪಿಸಿಕೊಂಡರೆ ಮುಂದಿನ ಬಂದರಿಗೆ ಸ್ವಂತ ಖರ್ಚಿನಲ್ಲಿ ವಿಮಾನ ಹಿಡಿಯಬೇಕು, ಭಾರತದ ಪಾಸ್‌ಪೋರ್ಟಿಗೆ ಆಗ ವೀಸಾ ಪ್ರಶ್ನೆ ಮತ್ತೆ ಏಳುತ್ತದೆ.

ಸೇಂಟ್ ಥಾಮಸ್ 1917ರಲ್ಲಿ ಡೆನ್ಮಾರ್ಕ್‌ನಿಂದ ಅಮೆರಿಕ ಕೊಂಡ ದ್ವೀಪಗಳಲ್ಲಿ ಒಂದು. ಡಾಲರ್ ನಡೆಯುತ್ತದೆ, ಆದರೆ ವಾಹನಗಳು ನಮ್ಮ ಊರಿನಂತೆ ಎಡಬದಿಯಲ್ಲಿ ಓಡುತ್ತವೆ, ಸ್ಟಿಯರಿಂಗ್ ಮಾತ್ರ ಅಮೆರಿಕದ ಹಾಗೆ ಎಡಕ್ಕೇ ಇರುತ್ತದೆ. ಹಿಂದೆ ಬೆಂಚು ಜೋಡಿಸಿದ ತೆರೆದ ಟ್ರಕ್ಕುಗಳೇ ಟ್ಯಾಕ್ಸಿ, ಬಾಡಿಗೆ ತಲೆಗಿಷ್ಟು. ಅವು ಗುಡ್ಡ ಹತ್ತಿ ಇಳಿದು ಮೇಗನ್ಸ್ ಬೇ ಕಡಲತೀರಕ್ಕೆ ಬಿಡುತ್ತವೆ. ಸೇಂಟ್ ಮಾರ್ಟನ್‌ನ ಮಾಹೊ ಬೀಚಿನಲ್ಲಿ ವಿಮಾನಗಳು ತಲೆಯ ಮೇಲೇ ಇಳಿಯುತ್ತವೆ. ನೋಡಲೇಬೇಕಾದ್ದು ನಿಜ, ಆದರೆ ರನ್‌ವೇ ಬೇಲಿಯ ಹತ್ತಿರ ನಿಲ್ಲಬೇಡಿ. ಹೊರಡುವ ಜೆಟ್ ಎಂಜಿನ್ನಿನ ಗಾಳಿಗೆ ಸಿಕ್ಕಿ 2017ರಲ್ಲಿ ಪ್ರವಾಸಿಯೊಬ್ಬರು ಸತ್ತಿದ್ದಾರೆ. ಗ್ರ್ಯಾಂಡ್ ಕೇಮನ್‌ನಲ್ಲಿ ದೊಡ್ಡ ಹಡಗು ದಡಕ್ಕೆ ಬರುವಂತಿಲ್ಲ, ಸಣ್ಣ ದೋಣಿಯಲ್ಲಿ ಇಳಿಸುತ್ತಾರೆ. ಅಲೆ ಜೋರಿದ್ದರೆ ಆ ನಿಲುಗಡೆಯೇ ರದ್ದು.

ನೀರಿನ ಬಣ್ಣ ಮಾತ್ರ ಎಷ್ಟು ಚಿತ್ರ ನೋಡಿದ್ದರೂ ನಂಬಿಕೆ ಬರುವುದಿಲ್ಲ. ನಮ್ಮ ಕರಾವಳಿಯಲ್ಲಿ ಕಾಳಿ, ಶರಾವತಿ, ನೇತ್ರಾವತಿ ಮಳೆಗಾಲದಲ್ಲಿ ಮಣ್ಣು ಹೊತ್ತು ತಂದು ಕಡಲಿಗೆ ಸುರಿಯುತ್ತವೆ. ಬಹಾಮಾಸ್‌ನ ಸುಣ್ಣಕಲ್ಲಿನ ದ್ವೀಪಗಳಲ್ಲಿ ನದಿಗಳೇ ಇಲ್ಲವೆನ್ನಬಹುದು. ತಳದಲ್ಲಿ ಬಿಳಿ ಮರಳು, ನೀರಿನಲ್ಲಿ ಪಾಚಿಯೂ ಕಡಿಮೆ, ಬೆಳಕು ತಳ ಮುಟ್ಟಿ ಹಸಿರು-ನೀಲಿಯಾಗಿ ಮೇಲೆ ಬರುತ್ತದೆ. 2011ರಿಂದೀಚೆಗೆ ಬೇಸಿಗೆಯಲ್ಲಿ ಸರ್ಗಾಸಮ್ ಎಂಬ ಕಂದು ಕಡಲಕಳೆ ರಾಶಿ ರಾಶಿಯಾಗಿ ಬಂದು ಕೊಳೆತು ನಾರುವುದೂ ಇದೆ. ಹವಳಕ್ಕೆ ಹಾನಿ ಎಂದು ಅಮೆರಿಕದ ವರ್ಜಿನ್ ದ್ವೀಪಗಳು ಆಕ್ಸಿಬೆಂಝೋನ್, ಆಕ್ಟಿನಾಕ್ಸೇಟ್, ಆಕ್ಟೊಕ್ರೈಲಿನ್ ಇರುವ ಸನ್‌ಸ್ಕ್ರೀನ್ ನಿಷೇಧಿಸಿವೆ. ಝಿಂಕ್ ಆಕ್ಸೈಡ್ ಇರುವುದನ್ನು ಕೊಳ್ಳಿ.

ದಾರಿ ಇನ್ನೂ ದಕ್ಷಿಣಕ್ಕಿದ್ದರೆ ಆಂಟಿಗಾದ ಸೇಂಟ್ ಜಾನ್ಸ್‌ನಲ್ಲಿ ಒಂದು ಗಂಟೆ ಉಳಿಸಿಕೊಳ್ಳಿ. 2002ರಲ್ಲಿ ಅನಿಲ್ ಕುಂಬ್ಳೆ ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು 14 ಓವರ್ ಎಸೆದು ಬ್ರಯಾನ್ ಲಾರಾರನ್ನು ಎಲ್‌ಬಿಡಬ್ಲ್ಯು ಮಾಡಿದ ಹಳೆಯ ಮೈದಾನ ಅದೇ ಪಟ್ಟಣದಲ್ಲಿದೆ. ಬಾರ್ಬಡೋಸ್‌ನ ಬ್ರಿಜ್‌ಟೌನ್‌ನಲ್ಲಿ ಕೆನ್ಸಿಂಗ್ಟನ್ ಓವಲ್, 2024ರ ಟಿ-20 ವಿಶ್ವಕಪ್ ಗೆದ್ದಾಗ ರಾಹುಲ್ ದ್ರಾವಿಡ್ ಕೋಚ್ ಆಗಿದ್ದ ಅಂಗಳ. ಬೆಂಗಳೂರಿನ ಇಬ್ಬರು ಹೆಜ್ಜೆಯಿಟ್ಟ ನೆಲ ಎಂದುಕೊಂಡು ಅಲ್ಲಿ ನಿಲ್ಲುವುದೇ ಬೇರೆ.

ಕೊನೆಯ ರಾತ್ರಿ ಪೆಟ್ಟಿಗೆಗೆ ಟ್ಯಾಗ್ ಕಟ್ಟಿ ಬಾಗಿಲ ಹೊರಗಿಡಬೇಕು. ಮರುದಿನ ಹಾಕುವ ಬಟ್ಟೆ, ಚಪ್ಪಲಿ, ಪಾಸ್‌ಪೋರ್ಟ್ ಅದರೊಳಗೆ ಸೇರದಂತೆ ನೋಡಿಕೊಳ್ಳಿ. ಬಫೆಯ ಬಾಳೆಹಣ್ಣು, ಸೇಬು ಚೀಲದಲ್ಲಿ ಉಳಿದರೆ ಕಸ್ಟಮ್ಸ್‌ನಲ್ಲಿ ದಂಡ ಬೀಳಬಹುದು. ವಾಪಸ್ ವಿಮಾನ ಮಧ್ಯಾಹ್ನ 12ರ ನಂತರದ್ದಿರಲಿ. ನೆಲಕ್ಕೆ ಕಾಲಿಟ್ಟ ಮೇಲೂ ಒಂದೆರಡು ದಿನ ಸ್ನಾನಕ್ಕೆ ನಿಂತಾಗ, ಕಣ್ಣು ಮುಚ್ಚಿದಾಗ ನೆಲವೇ ಮೆಲ್ಲಗೆ ತೂಗಿದಂತಾಗುತ್ತದೆ. ದೇಹ ಅಲೆಗೆ ಹೊಂದಿಕೊಂಡಿದ್ದರ ಗುರುತು ಅದು, ತಾನಾಗೇ ಹೋಗುತ್ತದೆ. ಅಲ್ಲಿಯವರೆಗೆ ಬಂದರಿನಿಂದ ಮನೆಗೆ ದೂರದ ಡ್ರೈವ್ ಇದ್ದರೆ ಸ್ಟಿಯರಿಂಗನ್ನು ತಲೆ ತೂಗದವರ ಕೈಗೆ ಕೊಡಿ.